ಮೊದಲು ಆಂಟಿಗೆ

ಫೆಬ್ರವರಿಯ ಒಣ ಬಿಸಿಲು ಸಿಕ್ಕಿದ್ದೇ ತಡ, ಸತ್ಯವತಿ ಸಿಂಗಪುರದ ಬಿಶಾನಿನ ಫ್ಲ್ಯಾಟಿನ ಕಾರಿಡಾರಿನಲ್ಲಿ ಹಳೆಯ ಪಂಚೆ ಹಾಸಿ ಸಂಡಿಗೆ ಒತ್ತುತ್ತಿದ್ದರು. ಪಕ್ಕದ ಮನೆಯ ಅಶ್ವತ್ಥನಾರಾಯಣ, ನಿವೃತ್ತ ಕಾನೂನು ಮೇಷ್ಟ್ರು, ಬಾಗಿಲ ಬಳಿ ಕೂತು ದಿವಾಳಿ ಕಚೇರಿಯಿಂದ ಆಕೆಗೆ ಬಂದಿದ್ದ ಕಾಗದವನ್ನು ಎರಡನೆಯ ಸಲ ಓದಿದರು. ಪ್ರತಾಪ ಗೋಡೆಗೊರಗಿ ನಿಂತಿದ್ದ. ಅವನ ಕೇಟರಿಂಗಿಗೆ ಇದೇ ಸಂಡಿಗೆ ಹೋಗುತ್ತಿತ್ತು. ಕೇಟರಿಂಗ್ ಮುಳುಗಿ, ಕೋರ್ಟು ಅವನನ್ನು ದಿವಾಳಿಯೆಂದು ಸಾರಿ ನಾಲ್ಕು ತಿಂಗಳಾಗಿತ್ತು.

“ದಿವಾಳಿಗೆ ಸ್ವಲ್ಪ ಮುಂಚೆ ಪ್ರತಾಪ ಕೊಟ್ಟ ಹದಿನೆಂಟು ಸಾವಿರ ಡಾಲರ್ ನೀವು ವಾಪಸ್ ಕಟ್ಬೇಕಂತೆ, ಸಾಲ ಕೊಟ್ಟ ಎಲ್ರಿಗೂ ಹಂಚೋಕೆ,” ಎಂದರು ಮೇಷ್ಟ್ರು.

“ನನ್ನ ದುಡ್ಡು ನಾನ್ಯಾಕೆ ಕಟ್ಲಿ?” ಸತ್ಯವತಿಯ ಕೈ ನಿಲ್ಲಲಿಲ್ಲ. “ನಮ್ಮೆಜಮಾನ್ರು ಹೋದ್ಮೇಲೆ ಬಂದ ಇನ್ಶೂರೆನ್ಸು. ಇವನಿಗೆ ಕೈಗಡ ಕೊಟ್ಟೆ, ಇವನು ತೀರಿಸ್ದ. ಎಲ್ಲಾ ಮಂಡಿ ಆಪರೇಷನ್ನಿಗಾಯ್ತು. ಬೇಕಾದ್ರೆ ಬಂದು ಮಂಡಿ ಬಿಚ್ಕೊಂಡು ಹೋಗ್ಲಿ.”

ಮೇಷ್ಟ್ರು ಪ್ರತಾಪನತ್ತ ತಿರುಗಿದರು.

“ಬ್ಯಾಂಕಿಗಿಂತ ಮೊದಲು ಇವ್ರಿಗೇ ಕೊಡೋ ಆಸೆ ಇತ್ತು ಅಂತ ಆ ಕಚೇರಿಯ ಇಂಟರ್‌ವ್ಯೂನಲ್ಲಿ ಹೇಳಿದ್ಯಂತಲ್ಲ. ಯಾಕೋ ಹೇಳ್ದೆ?”

“ಕೇಳಿದ್ರು, ಅಂಕಲ್. ಗಂಡ ಇಲ್ದೋರ ದುಡ್ಡು ಮೊದ್ಲು ತೀರಿಸ್ಬೇಕು ಅಂತ ನಮ್ಮನೇಲಿ ಹೇಳ್ತಿದ್ರು. ಅದೊಂದಾದ್ರೂ ಸರಿಯಾಗಿ ಮಾಡಿದೀನಿ ಅಂತ ಖುಷಿಯಿಂದ್ಲೇ ಹೇಳ್ದೆ.”

“ಇವ್ರ ಕಾಟಕ್ಕೆ ಕೊಟ್ಟೆ ಅಂದಿದ್ರೆ ದುಡ್ಡು ಉಳೀತಿತ್ತೇನೋ. ಒಬ್ರಿಗೇ ಮೊದ್ಲು ಕೊಡೋ ಆಸೆಯಿಂದ ಕೊಟ್ಟೆ ಅಂದ್ಯಲ್ಲ, ಕಾನೂನಲ್ಲಿ ಅದೇ ಕುತ್ತು.” ಮೇಷ್ಟ್ರು ಕನ್ನಡಕ ತೆಗೆದರು. “ಇಂಗ್ಲೆಂಡಿನ ವ್ಯಾಪಾರಿಗಳ ಅಳತೆಗೆ ಹೊಲಿದ ಅಂಗಿ ಈ ಕಾನೂನು. ಹಡಗಲ್ಲಿ ತಂದು ಇಲ್ಲೂ ತೊಡಿಸಿದ್ರು, ನಮ್ಮ ದೇಶದಲ್ಲೂ ತೊಡಿಸಿದ್ರು. ಅದಕ್ಕೆ ಬ್ಯಾಂಕೂ ಒಂದೇ, ಇವ್ರೂ ಒಂದೇ. ಮೂವತ್ತು ವರ್ಷ ನಾನೇ ಇದನ್ನ ನ್ಯಾಯ ಅಂತ ಪಾಠ ಮಾಡ್ದೆ.”

“ಸುಳ್ಳು ಹೇಳ್ಬೇಕಿತ್ತಾ ಅಂಕಲ್?”

ಮೇಷ್ಟ್ರು ಚೀಲದಿಂದ ಇನ್ನೊಂದು ಹಾಳೆ ತೆಗೆದರು.

“ಕಂತಲ್ಲಿ ಕಟ್ತೀವಿ ಅಂತ ಕೇಳ್ಕೊಳ್ಳೋಣ. ಕಟ್ಟಿದ್ಮೇಲೆ ನೀವು ಮತ್ತೆ ಸಾಲ ಕೊಟ್ಟೋರಾಗ್ತೀರಿ. ಈ ಫಾರ್ಮ್ ತುಂಬಿದ್ರೆ ಡಾಲರಿಗೆ ನಾಲ್ಕೈದು ಸೆಂಟ್ ಬರ್ಬಹುದು.”

ಸತ್ಯವತಿ ಕೈತೊಳೆದು ಬಂದರು. ತಮ್ಮ ಹೆಸರು ಬರೆದರು, ಮೊತ್ತ ಬರೆದರು. ಮುಂದಿನ ಗೆರೆಯ ಮೇಲೆ ಪೆನ್ನು ನಿಂತಿತು.

“ಇಲ್ಲೇನು?”

“ಸಾಲಗಾರನ ಹೆಸರು.”

“ತೀರಿಸಿದವನ ಹೆಸರು ಹೆಂಗೆ ಬರೀಲಿ?” ಎಂದು ಪೆನ್ನು ಕೆಳಗಿಟ್ಟರು.

ಲಿಫ್ಟು ಬಂದು, ಯಾರೂ ಇಳಿಯದೆ, ಬಾಗಿಲು ಮುಚ್ಚಿಕೊಂಡಿತು. ಪ್ರತಾಪ ನೆಲದ ಮೇಲೆ ಕೂತ. ಹಾಳೆಯನ್ನು ತನ್ನತ್ತ ಎಳೆದುಕೊಂಡು, ಒಂದೊಂದೇ ಅಕ್ಷರ ಬಿಡಿಸಿ, ತನ್ನ ಹೆಸರು ಬರೆದ.