ಗಾಜಿನ ತನಕ ಅಳತೆ

ನಾನೊಂದು ಕ್ಯಾಮೆರಾ. ಈಗಿನ ಮಕ್ಕಳು ನನ್ನನ್ನು ತಿರುವಿ ಮುರುವಿ ನೋಡಿ, "ಇದರಾಗ ಫೋಟೋ ಎಲ್ಲಿ ಕಾಣಸ್ತದ?" ಅನ್ನುತ್ತವೆ. ಕಾಣುವುದಿಲ್ಲಪ್ಪ. ನನ್ನ ಕಾಲದಲ್ಲಿ ಕಾಯಬೇಕಿತ್ತು.

ಯಾವುದೋ ದೂರದ ಕಾರ್ಖಾನೆಯಲ್ಲಿ ಹುಟ್ಟಿದೆ. ಹುಟ್ಟುವಾಗಲೇ ಒಂದು ಕುಂದು. ಎದುರಿಗಿದ್ದವರು ಎಷ್ಟು ಫೂಟು ದೂರ ನಿಂತಿದ್ದಾರೆಂದು ನನಗೆ ತಾನಾಗಿ ತಿಳಿಯದು. ನನ್ನ ಮೂತಿಯ ಬಳೆ ತಿರುಗಿಸಿ ಯಾರಾದರೂ ಹೇಳಬೇಕು. ಹೇಳಿದ್ದು ತಪ್ಪಿದರೆ ಮುಖವೆಲ್ಲ ಮಸುಕು.

ಗದಗದ ಒಬ್ಬ ಸ್ಟುಡಿಯೋದವನು ಮೊದಲು ನನ್ನನ್ನು ತಂದ. ಅವನದು ಬರೀ ಕಣ್ಣಳತೆ. ಹೊಸ ಕ್ಯಾಮೆರಾ ಬಂದಮೇಲೆ, ಒಂದು ಸಫಾರಿ ಸೂಟು ಹೊಲಿಸಿಕೊಂಡು ನನ್ನನ್ನು ಟೇಲರ್ ಚನ್ನವೀರಪ್ಪನಿಗೆ ಕೊಟ್ಟುಬಿಟ್ಟ.

ಚನ್ನವೀರಪ್ಪನಿಗೆ ಇಬ್ಬರು ಮಕ್ಕಳು, ಒಂಬತ್ತರ ದಾಕ್ಷಿ, ಆರರ ಮಾಂತು. ಮಾಂತುವನ್ನು ಹೆತ್ತ ವಾರಕ್ಕೇ ತಾಯಿ ಶರಣವ್ವ ತೀರಿಕೊಂಡಿದ್ದಳು. ಮನೆಯ ಕಪಾಟಿನ ಕನ್ನಡಿಯ ಮೇಲೆ, ಮುಖ ತೊಳೆಯುವಾಗ ಹಣೆಯಿಂದ ತೆಗೆದು ಅವಳು ಅಂಟಿಸಿಟ್ಟ ಕೆಂಪು ಟಿಕಳಿಯೊಂದು ಹಾಗೇ ಉಳಿದಿತ್ತು. ಕನ್ನಡಿ ಒರೆಸುವಾಗ ಚನ್ನವೀರಪ್ಪ ಅದೊಂದನ್ನು ಬಿಟ್ಟು ಸುತ್ತ ಒರೆಸುತ್ತಿದ್ದ.

ರವಿವಾರ ಅಂಗಡಿಗೆ ರಜೆ. ಮೂವರೂ ನನ್ನನ್ನು ಕೊರಳಿಗೆ ಹಾಕಿಕೊಂಡು ಕೆರೆ ದಂಡೆಗೆ ಹೊರಡುತ್ತಿದ್ದರು. "ಕಣ್ಣಳತಿ ನಂಬಿದಾವ ಅರಿವಿ ಕೆಡಸ್ತಾನ" ಎನ್ನುತ್ತ ಅವನು ಹೊಲಿಗೆಯ ಟೇಪಿನ ಒಂದು ತುದಿಯನ್ನು ನನ್ನ ಮೂತಿಗೆ ಹಿಡಿಯುತ್ತಿದ್ದ. ಇನ್ನೊಂದು ತುದಿಯನ್ನು ಎದುರು ನಿಂತವರು ಮೂಗಿಗೆ ಹಿಡಿಯಬೇಕು. "ಮೂಗಿಗೋ, ಕಿವಿಗಲ್ಲೋ ಮಂಗ್ಯಾ!" ಮಾಂತು ನಕ್ಕು ಟೇಪು ಕೈಬಿಟ್ಟರೆ ಮತ್ತೆ ಮೊದಲಿನಿಂದ ಅಳತೆ. ವಾರಕ್ಕೆ ಒಬ್ಬೊಬ್ಬರಿಗೆ ಒಂದೊಂದೇ ಕ್ಲಿಕ್ಕು. ಆ ಒಂದಕ್ಕಾಗಿ ಆಡು, ಬೇವಿನ ಮರ, ಅಗಸರ ಕಲ್ಲು ಎಂದು ಮಕ್ಕಳು ಊರೆಲ್ಲ ಹುಡುಕುತ್ತಿದ್ದವು, ಪಾಪ. ಅಷ್ಟು ಸುಖ ನಾನು ಮತ್ತೆ ಕಾಣಲಿಲ್ಲ.

ಅವನು ಮಾತ್ರ ನನ್ನೆದುರು ನಿಲ್ಲುತ್ತಿರಲಿಲ್ಲ. "ನನ್ನ ಮಾರಿಗ್ಯಾಕ ರೀಲು ದಂಡ ಮಾಡ್ತೀರಿ?" ಮನೆಯಲ್ಲಿದ್ದದ್ದು ಮದುವೆಯದೊಂದೇ ಫೋಟೋ. ಅದರಲ್ಲಿ ಬಾಸಿಂಗದ ಕೆಳಗೆ ಯಾರೋ ಮೀಸೆ ಚಿಗುರದ ಹುಡುಗ. ಮಕ್ಕಳಿಗೆ ಗೊತ್ತಿದ್ದ ಅಪ್ಪ ಅವನಲ್ಲ.

ಮೂವರೂ ಕೂಡಿ ನಿಲ್ಲೋಣವೆಂದು ಮಕ್ಕಳು ಅಂದರೆ ಆಯಿ, ಅಂದರೆ ಚನ್ನವೀರಪ್ಪನ ತಾಯಿ, ಬಾಗಿಲಿಗೆ ಅಡ್ಡ ಬರುತ್ತಿದ್ದಳು. "ಮೂರು ಮಂದಿ ಕೂಡಿ ಫೋಟೋ ತೆಗಸಬಾರದು. ಒಬ್ರು ಹೋಗ್ತಾರ."

ಒಂದು ಮಧ್ಯಾಹ್ನ ಆಯಿ ಮನೆಯಲ್ಲಿರಲಿಲ್ಲ. ದಾಕ್ಷಿಗೆ ಉಪಾಯ ಹೊಳೆಯಿತು. "ಅಪ್ಪಾ, ಕನ್ನಡಿ ಮುಂದ ನಿಂತ್ರ ಕ್ಯಾಮೆರಾನೂ ಫೋಟೋದಾಗ ಬರ್ತದಲ್ಲ? ನಾಕ ಆತು!"

"ನಿನ್ನ ಬಾಯಿಗೆ ಯಾರು ಗೆಲ್ಲಬೇಕವಾ," ಎಂದು ಅವನು ನಕ್ಕ. ಮುಖ ಮರೆಯಾಗಬಾರದೆಂದು ನನ್ನನ್ನು ಎದೆಗೆ ಹಿಡಿದುಕೊಂಡ. ನಾನೂ ಮನೆಯವರಲ್ಲಿ ಒಬ್ಬನಾದೆನೆಂದು ಉಬ್ಬಿಹೋದೆ. ಮಾಂತು ಟೇಪಿನ ತುದಿಯನ್ನು ಕನ್ನಡಿಯ ಗಾಜಿಗೆ ಒತ್ತಿ ಹಿಡಿದ. ಸರಿಯಾಗಿ ನಾಲ್ಕು ಫೂಟು. ಚನ್ನವೀರಪ್ಪ ಬಳೆಯನ್ನು ನಾಲ್ಕಕ್ಕೆ ತಿರುಗಿಸಿದ.

ಅಯ್ಯೋ, ನನಗೆ ಬಾಯಿದ್ದಿದ್ದರೆ! ಕನ್ನಡಿಯೊಳಗಿನವರು ಗಾಜಿನ ಮೇಲೆ ನಿಂತಿರುವುದಿಲ್ಲ. ನಾವು ಗಾಜಿನಿಂದ ಎಷ್ಟು ಈಚೆಗೋ ಅವರು ಅಷ್ಟೇ ಆಚೆಗೆ. ಎಂಟು ಫೂಟು ಅನ್ನಬೇಕಿತ್ತು. ಕ್ಲಿಕ್ ಎಂದಿತು.

ಹದಿನೈದು ದಿನಕ್ಕೆ ಚನ್ನವೀರಪ್ಪ ಹೊಲಿಗೆ ಯಂತ್ರದ ಮೇಲೆಯೇ ಕುಸಿದುಬಿದ್ದ. ಎದೆನೋವು ಅಂದರು. ಆಸ್ಪತ್ರೆ ಮುಟ್ಟಲಿಲ್ಲ. ಹೆಣದ ಮುಂದೆ ಕೂತು ಮಾಂತು ಕನ್ನಡಿಯ ಫೋಟೋದ ಮಾತು ಬಾಯಿಬಿಟ್ಟ. ಆಯಿ ದಾಕ್ಷಿಯತ್ತ ತಿರುಗಿದಳು. "ಬ್ಯಾಡ ಬ್ಯಾಡ ಅಂದ್ರೂ ಕೇಳಲಿಲ್ಲ. ಅಪ್ಪನ್ನ ನುಂಗಿದ್ಯಲ್ಲ!"

ಒಂಬತ್ತು ವರ್ಷದ ಕೂಸಿಗೆ ಆಡುವ ಮಾತೇ ಅದು? ದಾಕ್ಷಿ ಅಳಲೂ ಇಲ್ಲ. ಆಯಿ ನನ್ನನ್ನು ರೀಲಿನ ಸಮೇತ ಟ್ರಂಕಿಗೆ ಹಾಕಿ ಕೀಲಿ ಜಡಿದಳು.

ನುಸಿಗುಳಿಗೆಯ ವಾಸನೆಯಲ್ಲಿ ಇಪ್ಪತ್ತೆಂಟು ವರ್ಷ ಕಳೆದೆ. ಆಯಿ ಹೋದಮೇಲೆ ಕೀಲಿ ತೆಗೆದವಳು ದಾಕ್ಷಿ. ಅಪ್ಪನ ಅಂಗಡಿಯಲ್ಲೇ ಈಗ ರವಿಕೆ ಹೊಲಿಯುತ್ತಾಳೆ. ತಲೆಯಲ್ಲಿ ಬೆಳ್ಳಿಕೂದಲು. ಮಾಂತು ನನ್ನ ಬೆನ್ನು ತೆರೆಯಲು ಹೋದ.

"ತೆರೀಬ್ಯಾಡೋ, ಬೆಳಕು ಬಿದ್ರ ರೀಲು ಕೆಡತದ! ಒಳಗ ಅಪ್ಪ ಅದಾನ." ದಾಕ್ಷಿ ನನ್ನನ್ನು ಕಸಿದುಕೊಂಡಳು. "ಅಪ್ಪನ ಕೈ ನೆನಪದ, ಕಿವಿಮ್ಯಾಲಿನ ಪೆನ್ಸಿಲ್ಲು ನೆನಪದ. ಮಾರೀನ ನೆನಪಾಗವಲ್ದು, ಮಾಂತೂ."

ಈಗಲೂ ರೀಲು ತೊಳೆದು ಫೋಟೋ ಮಾಡಿಕೊಡುವವನೊಬ್ಬನನ್ನು ಪರ ಊರಲ್ಲಿ ಹುಡುಕಿ ಕಳಿಸಿದರು. ತಿಂಗಳಾದಮೇಲೆ ಲಕೋಟೆ ಬಂತು. ಉಳಿದೆಲ್ಲ ಹಾಳಾಗಿ ಉಳಿದದ್ದು ಒಂದೇ ಫೋಟೋ, ಕನ್ನಡಿಯದು.

ಮೂರು ಆಕಾರಗಳಿದ್ದವು. ನಡುವಿನವನ ಮುಖ ನಾದಿಟ್ಟ ಹಿಟ್ಟಿನ ಉಂಡೆಯಂತಿತ್ತು. ಕಣ್ಣಿಲ್ಲ, ಮೂಗಿಲ್ಲ. ಅವನ ಎದೆಯ ಮೇಲಿನ ಕಪ್ಪು ಕಲೆ ನಾನು.

"ಯಾರೂ ಕಾಣವಲ್ರಲ್ಲಕ್ಕಾ," ಎಂದು ಮಾಂತು ಬಿಕ್ಕಿದ.

ದಾಕ್ಷಿ ಬಹಳ ಹೊತ್ತು ನೋಡಿದಳು. ಆಮೇಲೆ ಫೋಟೋದ ಮೇಲ್ತುದಿಗೆ ಬೆರಳಿಟ್ಟಳು. ಅಲ್ಲೊಂದು ಟಿಕಳಿ, ದುಂಡಗೆ, ಕೆಂಪಗೆ, ಅಂಚು ಕೂಡ ಕೆಡದ ಹಾಗೆ ಸ್ಪಷ್ಟವಾಗಿ.

"ಅವ್ವ," ಎಂದಳು. "ನಾಕ್ ಮಂದೀನ ಇದ್ವಿ, ಮಾಂತೂ. ಮೂರು ಇರಲಿಲ್ಲ." ಅಂದು ಅಳದವಳು ಈಗ ಅತ್ತಳು.

ಈಗ ಆ ಫೋಟೋ ಅಂಗಡಿಯ ಗೋಡೆಯ ಮೇಲಿದೆ. ಅದರ ಕೆಳಗಿನ ಹಲಗೆಯ ಮೇಲೆ ನಾನು ಕುಳಿತಿದ್ದೇನೆ. ನಾಲ್ಕನೆಯವನು ನಾನೆಂದು ಉಬ್ಬಿದ್ದಕ್ಕೆ ನಾಚಿಕೆಯಾಗುತ್ತದೆ. ಚನ್ನವೀರಪ್ಪನ ಅಳತೆ ಟೇಪು ಮುಟ್ಟಿದ ತನಕ ಸರಿಯಾಗಿಯೇ ಇತ್ತು. ಅಲ್ಲಿ, ಗಾಜಿನ ಮೇಲೆ, ಶರಣವ್ವ ಇದ್ದಳು. ಅವನ ಮುಖ ಮಾತ್ರ ಇನ್ನೂ ನಾಲ್ಕು ಫೂಟು ಆಚೆಗೇ ಇದೆ.