ಕರಡಿ ಬೆನ್ನಿಗೆ ಕಾದ ತಂತಿ ಬ್ರಷ್

ನಾನು ಒಂದು ತಂತಿ ಬ್ರಷ್. ಮರದ ಹಿಡಿ, ಮೈತುಂಬ ಉಕ್ಕಿನ ಮುಳ್ಳು. ಹುಟ್ಟಿದ್ದೇ ಕೆರೆಯುವುದಕ್ಕೆ, ಸುಮ್ಮನೆ ಕೂರುವುದು ನನಗೆ ಬರುವುದಿಲ್ಲ. ಗಂಗಾವತಿಯ ಖಾಜಾಸಾಬರ ವೆಲ್ಡಿಂಗ್ ಅಂಗಡಿಯಲ್ಲಿ ತುಕ್ಕು ಉಜ್ಜುತ್ತಿದ್ದೆ. ಒಮ್ಮೆ ನಾನು ಉಜ್ಜಿದ ರಭಸಕ್ಕೆ ಒಂದು ಹಳೇ ಲಾರಿ ಕಚಗುಳಿ ತಾಳದೆ ತಾನೇ ಸ್ಟಾರ್ಟ್ ಆಗಿ ಪಕ್ಕದ ಬೀದಿಗೆ ಓಡಿತು. ನಂಬದವರು ಆ ಬೀದಿಯನ್ನೇ ಕೇಳಲಿ.

ಅಲ್ಲಿಂದ ನನ್ನನ್ನು ಒಯ್ದವರು ಕಾಡುಪ್ರಾಣಿಗಳ ಸಮೀಕ್ಷೆ ಮಾಡುವ ವಸುಂಧರಾ ಮೇಡಂ ಮತ್ತು ಅರಣ್ಯದ ವಾಚರ್ ದುರುಗಪ್ಪ.

"ಕರಡಿ ಮೈ ತಿಕ್ಕಾಕ ಏನ್ರೀ ಬ್ರಷ್ಷು?" ಖಾಜಾಸಾಬರು ನಕ್ಕರು. "ಹಂಗಾದ್ರ ಸೋಪೂ ಒಯ್ರಿ!"

"ತಿಕ್ಕೊಳ್ಳೋದು ಅದೇ ರೀ ಸಾಬ್ರ. ನಾವು ಅದರ ಹತ್ರಾನೂ ಹೋಗಂಗಿಲ್ಲ," ಎಂದ ದುರುಗಪ್ಪ.

ಊರ ಹಿಂದಿನ ಬಂಡೆಗುಡ್ಡದಲ್ಲಿ ಒಂದು ಮರಕ್ಕೆ ನನ್ನನ್ನು ಮೊಳೆ ಹೊಡೆದು ಕೂರಿಸಿದರು. ಬುಡಕ್ಕೆ ಬೆಲ್ಲದ ನೀರು ಸುರಿದರು. ಕರಡಿ ಬಂದು ಬೆನ್ನುಜ್ಜಬೇಕು, ಕೂದಲು ನನ್ನ ಮುಳ್ಳಿಗೆ ಸಿಗಬೇಕು. ಆ ಕೂದಲಿನ ಬುಡ ನೋಡಿ ಲ್ಯಾಬಿನವರು ಪ್ರಾಣಿ ಯಾವುದೆಂದು ಹೇಳುತ್ತಾರೆ. ಬೋನೂ ಇಲ್ಲ, ಪ್ರಜ್ಞೆ ತಪ್ಪಿಸುವ ಮದ್ದೂ ಇಲ್ಲ.

ಆ ಗುಡ್ಡ ಒಡೆಯಲು ಕಲ್ಲಿನ ಕಂಪನಿಯೊಂದು ಕಾದು ಕೂತಿತ್ತು. ಕರಡಿ ಇಲ್ಲವೆಂದಾದರೆ ಗುಡ್ಡ ಉಳಿಯದು. ಅಲ್ಲಿ ಆಡು ಕಾಯುವ ಯಲ್ಲವ್ವಜ್ಜಿಗೆ ಮೇವೂ ಉಳಿಯದು.

ಬೆಲ್ಲಕ್ಕೆ ಇರುವೆ ಬಂದವು, ಕರಡಿ ಬರಲಿಲ್ಲ. ಎಲೆ ಅಲ್ಲಾಡಿದರೂ ನನ್ನ ಮುಳ್ಳು ನಿಮಿರುತ್ತಿದ್ದವು. ಮೇಡಂ ಹತ್ತಿ ಬರುವರು, ನೋಡುವರು, ಮುಖ ಸಣ್ಣದು ಮಾಡಿ ಇಳಿಯುವರು. ಕಡೆಗೊಂದು ದಿನ ನನ್ನ ಮೈತುಂಬ ಕರಿ ಕೂದಲು! ಮೇಡಂ ಕುಣಿದಾಡಿದರು. ಲ್ಯಾಬಿನಿಂದ ಉತ್ತರ ಬಂತು: ಆಡು. ಕಂಪನಿಯವರು ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಅರಣ್ಯ ಇಲಾಖೆಯ ಸಾಹೇಬರು ಗಡುವು ಹಾಕಿ ಇನ್ನೊಂದೇ ಅವಕಾಶ ಕೊಟ್ಟರು.

"ಯಾರ ಕೆಲ್ಸ ಬೇ ಇದು?" ದುರುಗಪ್ಪ ಅಜ್ಜಿಯನ್ನು ಕೇಳಿದ.

"ನಂದೇ ಬಿಡೋ. ಪಾಪ, ಆಕಿ ಬಿಸಲಾಗ ಹತ್ತಿ ಬಂದು ಬರಿಗೈಲೆ ಇಳೀತಿದ್ಲು. ನಮ್ಮ ಕರೇ ಹೋತನ್ನ ಒಂದೀಟು ಬ್ರಷ್ಷಿಗೆ ತಿಕ್ಕಿದ್ನಿ. ಅದೂ ಕರ್ರಗ ಐತಲ್ಲೋ!"

ಮೇಡಂ ತಲೆ ಮೇಲೆ ಕೈ ಹೊತ್ತರು. "ಅಜ್ಜಿ, ಇನ್ನು ಮುಟ್ಟಬೇಡಿ. ನಿಮ್ಮ ಕೈ ಸೋಕಿದರೆ ನಮ್ಮನ್ನ ಯಾರೂ ನಂಬಲ್ಲ." ಆಮೇಲೆ, ಹೊಸ ಕೂದಲಿನ ಜತೆ ಬೆರೆಯದಿರಲೆಂದು, ಲೈಟರ್ ಹಚ್ಚಿ ನನ್ನ ಮುಳ್ಳಿನಲ್ಲಿ ಉಳಿದ ಆಡಿನ ಕೂದಲನ್ನೆಲ್ಲ ಸುಟ್ಟರು.

ಗಡುವಿನ ಕಡೇ ವಾರ. ಬೆಳಗಾಗುವ ಹೊತ್ತಿಗೆ ಗುಡ್ಡವೇ ಎದ್ದು ನಡೆದು ಬಂತು ಅಂದುಕೊಂಡೆ. ಕರಡಿ! ಅದು ಬೆನ್ನು ಉಜ್ಜಿದ ಬಿರುಸಿಗೆ ಮರ ಅಡಿಯಷ್ಟು ಪಕ್ಕಕ್ಕೆ ಸರಿಯಿತು, ಮೊಳೆ ಕಿತ್ತು ನಾನು ನೆಲಕ್ಕೆ ಬಿದ್ದೆ. ಮುಳ್ಳಿನಲ್ಲಿ ಉದ್ದುದ್ದ ಕೂದಲು, ಮೇಲೆ ಬೀಸುಗಾಳಿ. ಒಂದೊಂದೇ ಎಳೆ ಹಾರತೊಡಗಿತು.

ಆಗ ಬಂದಳು ಯಲ್ಲವ್ವಜ್ಜಿ. ಎತ್ತಿಕೊಳ್ಳಲು ಕೈ ಚಾಚಿದಳು, ಬೆಂಕಿ ಕಂಡಂತೆ ಹಿಂದಕ್ಕೆಳೆದಳು. ನನಗೆ ತಾಕದಂತೆ ದೂರ, ಗಾಳಿಗೆ ಅಡ್ಡ ಸೆರಗು ಹಿಡಿದು ಕೂತುಬಿಟ್ಟಳು. "ದುರುಗಾ! ಬಾರಲೇ, ಎಲ್ಲಿ ಸತ್ತಿ!" ಎಂದು ಕೂಗಿದಳು. ಆಡುಗಳು ಗುಡ್ಡ ಇಳಿದು ಶೇಂಗಾ ಹೊಲಕ್ಕೆ ನುಗ್ಗಿದವು. ಹೊಲದ ಸೋಮಲಿಂಗ ಬಾಯಿಗೆ ಬಂದಂತೆ ಬೈಯುತ್ತ ಹತ್ತಿ ಬಂದ. ಅಜ್ಜಿ ಏಳಲಿಲ್ಲ.

"ಬೈಯೋ ಅಪ್ಪಾ, ಬೈ. ಶೇಂಗಾ ಮತ್ತ ಬಿತ್ತತೀ. ಗುಡ್ಡ ಬಿತ್ತಾಕ ಬರತೈತೇನು?"

ದುರುಗಪ್ಪ ಕರೆತಂದ ಮೇಡಂ ಚಿಮಟದಿಂದ ಕೂದಲು ಎತ್ತಿ ಕವರಿಗೆ ಹಾಕುವತನಕ ಆಕೆಯ ಸೆರಗು ಕೆಳಗಿಳಿಯಲಿಲ್ಲ. ಈ ಸಲ ಲ್ಯಾಬಿನವರು ಕರಡಿ ಎಂದರು. ಗುಡ್ಡ ಉಳಿಯಿತು.

ಈಗ ಮುಳ್ಳು ಬಾಗಿದ ನಾನು ದುರುಗಪ್ಪನ ಪಡಸಾಲೆಯ ಮೂಲೆಯಲ್ಲಿದ್ದೇನೆ. ಮರದಲ್ಲಿ ಬೇರೆ ಬ್ರಷ್ ಇದೆ. ನಾಯಿ ಬೊಗಳಿದರೆ, ಕರಡಿ ಬಂತೇನೋ ಎಂದು ಈಗಲೂ ಮೈ ಜುಮ್ಮೆನ್ನುತ್ತದೆ. ಅಜ್ಜಿ ಬಂದಾಗೆಲ್ಲ ನನ್ನನ್ನು ನೋಡುತ್ತಾಳೆ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು. ಇನ್ನು ಮುಟ್ಟಬಹುದು ಬೇ, ಎಂದು ಕೂಗಬೇಕೆನಿಸುತ್ತದೆ. ಲಾರಿಯನ್ನೇ ಓಡಿಸಿದವನಿಗೆ ಅದೊಂದು ಮಾತು ಹೇಳಲು ಬಾಯಿಲ್ಲ.