ಎರಡು ಕೆನ್ನೆ, ಎರಡು ಮಚ್ಚೆ

ನಿಂಬೆಹಣ್ಣಿನ ನೆರಳು ಲೋಟದ ಹಿಡಿಯತ್ತ ಬೆರಳಷ್ಟು ಸರಿದುಬಿಟ್ಟಿತಲ್ಲ, ಈಗಷ್ಟೇ ಕತ್ತರಿಯ ಬಳಿ ಇತ್ತು, ಇರಲಿ, ಬೆಳಕು ಯಾರ ಮಾತು ಕೇಳುತ್ತದೆ — ಚಿತ್ರಕಾರ ಕುಂಚ ಒರೆಸಿಕೊಂಡು ಪಿಂಗಾಣಿ ಲೋಟವನ್ನೇ ನೋಡಿದ, ಅಂಚಿನಲ್ಲಿ ಚೂರು ಹಾರಿದೆ, ಹಿಡಿಯಿಂದ ಎಡಕ್ಕೆ, ಹೌದು, ಎಡಕ್ಕೇ, ಇದು ಅಕ್ಕನ ಲೋಟ, ಅಕ್ಕನ ಕತ್ತರಿ, ಬಟ್ಟೆ ಹೊಲಿದು ತಮ್ಮನನ್ನು ಸಾಕಿದ ಕತ್ತರಿ, ಹಣ್ಣು ಮಾತ್ರ ಇವತ್ತಿನದು. ಮೊನ್ನೆ ಗ್ಯಾಲರಿಯವನು ಸೊಂಟಕ್ಕೆ ಕೈಕೊಟ್ಟು ನಿಂತು, ಏನ್ಸಾರ್, ಮುಖಾನೆಲ್ಲ ಚೂರುಚೂರು ಮಾಡ್ತಿದ್ದೋರು ಈಗ ಪಾತ್ರೆಪಗಡ ಜೋಡಿಸ್ಕೊಂಡು ಕೂತಿದ್ದೀರಾ, ವಯಸ್ಸಾಯ್ತಾ — ಆಯ್ತಪ್ಪ ಅಂದಿದ್ದ ಇವನು. ಇನ್ನೇನು ಹೇಳುವುದು, ಗೋಡೆಯ ಮೇಲೆ ಅಕ್ಕ ಇದ್ದಾಳೆ, ಇಪ್ಪತ್ತೆರಡು ವರ್ಷದಿಂದ, ತ್ರಿಕೋನ ಚೌಕಗಳಲ್ಲಿ, ಎರಡೂ ಕೆನ್ನೆ ಒಟ್ಟಿಗೇ ಎದುರಿಗೆ ಬಂದು, ಎರಡರಲ್ಲೂ ಮಚ್ಚೆ, ಒಂದೇ ಮಚ್ಚೆಯಿದ್ದವಳಿಗೆ ಎರಡು. ಕ್ಯೂಬಿಸಂ ಅಂದರೆ ಎಲ್ಲ ಕಡೆಯಿಂದಲೂ ಒಮ್ಮೆಗೇ ಕಾಣುವುದು, ಒಂದು ಕಡೆಯಿಂದ ನೋಡುವವನು ಅರೆಗುರುಡ — ಹೀಗೆಂದು ಸಿಕ್ಕಸಿಕ್ಕವರಿಗೆ ಹೇಳಿಕೊಂಡು ತಿರುಗಿದವನು ತಾನೇ. ಪಾಪ, ಮೂರು ಮಧ್ಯಾಹ್ನ ಹೊಲಿಗೆ ಬಿಟ್ಟು ಕೂತಿದ್ದಳು, ಕೊನೆಗೆ ಎದ್ದು ಬಂದು ನೋಡಿ ಬಾಯಿಗೆ ಕೈಯಡ್ಡ ಹಿಡಿದು ನಕ್ಕಳು, ಇದೇನೋ ಇದು, ಮೂಗು ಹೋಗಿ ಕಿವಿ ಹತ್ರ ಕೂತಿದೆ, ಬಾಯಿ ಜೊತೆ ಜಗಳ ಆಡ್ಕೊಂಡಿದ್ಯಾ, ಹೋಗ್ಲಿ ಬಿಡು, ಒಂದ್ಸಲ ನಾನು ಇರೋ ಹಾಗೇ ಬರ್ಕೊಡೋ, ಆಯ್ತಕ್ಕ, ಆಮೇಲೆ. ಆಮೇಲೆ. ಕ್ಯಾಮೆರಾ ಕಂಡರೆ ಬಾಗಿಲ ಹಿಂದೆ ಸೇರುತ್ತಿದ್ದವಳದು ಒಂದು ಫೋಟೋವೂ ಇಲ್ಲ, ತೀರಿಹೋಗಿ ವರ್ಷವಾಯಿತು, ಈಗ ಅವಳನ್ನು ಬರೆಯಲು ಕೂತರೆ ಕಣ್ಣು ಬರುತ್ತದೆ, ನಗು ಬರುತ್ತದೆ, ಮಚ್ಚೆಯ ಹತ್ತಿರ ಕೈ ನಿಲ್ಲುತ್ತದೆ. ಯಾವ ಕೆನ್ನೆಯೆಂದು ಭಾವನನ್ನೂ ಕೇಳಿದ, ಮುದುಕ ತನ್ನ ಕೆನ್ನೆಗಳನ್ನೇ ಸವರಿಕೊಂಡ, ಎಡಕ್ಕಲ್ವಾ, ಅಲ್ಲಲ್ಲ, ಬಲಕ್ಕೇನೋ, ನನ್ನ ಕೇಳ್ತೀಯಲ್ಲಯ್ಯ, ಮೂರು ದಿನ ಎದುರಿಗೆ ಕೂರಿಸ್ಕೊಂಡು ನೋಡಿದೋನು ನೀನು. ನೋಡಿದ್ದೆನೇ? ದೇವರೇ, ನೀನು ಜೋಪಾನವಾಗಿ ಒಂದು ಕಡೆ ಇಟ್ಟದ್ದನ್ನು ನಾನು ಎರಡೂ ಕಡೆ ಇಟ್ಟೆ. ಅದಕ್ಕೇ ಈ ಲೋಟ, ಎಡಕ್ಕೆ ಅಂದರೆ ಎಡಕ್ಕೆ, ಇದ್ದದ್ದನ್ನು ಇದ್ದಲ್ಲೇ ಇಡುವುದು ಈ ಕೈಗೆ ಒಲಿದರೆ ಒಂದು ದಿನ ಕೆನ್ನೆಯೂ — ತಡಿ, ಚೂರು ಹಾರಿದ ಅಂಚನ್ನು ಆಚೆಗೆ ತಿರುಗಿಸಿ ಕುಡಿಯುತ್ತಿದ್ದಳು, ಲೋಟ ಎತ್ತಿದಾಗ ಮಚ್ಚೆ ಅದರ ಮೇಲೆ ಇಣುಕುತ್ತಿತ್ತು, ಹಿಡಿಯಿದ್ದ ಕಡೆ, ಹಿಡಿ ಯಾವ ಕೈಯಲ್ಲಿ, ಬಲಗೈ — ಅಲ್ಲ, ಹಿಡಿ ಮುಟ್ಟುತ್ತಿರಲಿಲ್ಲ ಅವಳು, ಬಿಸಿ ಬೇಕೆಂದು ಎರಡೂ ಅಂಗೈಯಲ್ಲಿ ಅಪ್ಪಿ ಹಿಡಿಯುತ್ತಿದ್ದಳು, ಎರಡೂ ಅಂಗೈ, ಮೇಲೆ ಎರಡು ಕಣ್ಣು, ಗೋಡೆಯ ಮೇಲೆ ಎರಡು ಕೆನ್ನೆ, ಎರಡು ಮಚ್ಚೆ, ಎರಡು